ನವೆಂಬರಿನ ಬರಿಗಲ್ಲು

ಸಮುದ್ರದ ಹಕ್ಕಿಗಳನ್ನು ನೋಡುವುದು ಹೇಗೆಂದು ನನಗೆ ಕಲಿಸಿದವರು ಧಾರವಾಡದ ಮನುಷ್ಯ. ನಾನು ಎಂ.ಎಸ್ಸಿ. ಓದುವಾಗ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದ ಪ್ರಾಧ್ಯಾಪಕರು ಅವರು. ಇವತ್ತಿಗೂ ಅವರನ್ನು ನೆನೆಯುವಾಗ ‘ಸರ್’ ಎಂದೇ ನೆನೆಯುತ್ತೇನೆ. ಸಿಟ್ಟು ನೆತ್ತಿಗೇರಿದ ದಿನಗಳಲ್ಲೂ ಬೇರೆ ಮಾತು ನಾಲಗೆಗೆ ಬಂದಿಲ್ಲ.

ನಮ್ಮದು ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರದ ಮನೆ. ಹತ್ತಿರದ ಸುಳ್ಳ ಎಂಬ ಊರಿನಲ್ಲಿ ಹೊಲ. ಸಮುದ್ರವೆಂದರೆ ಗೋಕರ್ಣಕ್ಕೆ ಹೋದಾಗ ಕಾಲು ತೊಯಿಸಿಕೊಂಡು ಬರುವ ಜಾಗ, ಅಷ್ಟೇ. ಹಕ್ಕಿ ನೋಡಲು ಕರಾವಳಿಗೆ ಹೋಗುತ್ತೇನೆಂದು ಮೊದಲ ಸಲ ಹೇಳಿದಾಗ ಅವ್ವ, “ಹಕ್ಕಿ ನೋಡಾಕ ಅಲ್ಲೀತನಕ ಹೋಗಬೇಕೇನ? ನಮ್ಮ ಹೊಲದಾಗ ಬೇಕಾದಷ್ಟ ಅದಾವಲ್ಲ,” ಅಂದಿದ್ದಳು. ಸರ್ ಜೊತೆಗಿರುತ್ತಾರೆಂದು ಕೇಳಿದ ಮೇಲೆ ಅಪ್ಪ ಒಪ್ಪಿದರು. ಅಷ್ಟು ನಂಬಿಕೆ.

ಅದು ಮೇ ತಿಂಗಳು. ನಸುಕಿನ ಬಸ್ಸು ಕಲಘಟಗಿ, ಯಲ್ಲಾಪುರ ದಾಟಿ ಘಟ್ಟ ಇಳಿಯುವಷ್ಟರಲ್ಲಿ ಬಟ್ಟೆ ಬೆನ್ನಿಗೆ ಅಂಟಿತ್ತು. ಮೀನುಗಾರರ ಊರೊಂದರಿಂದ ದೋಣಿಯಲ್ಲಿ ಹೊರಟೆವು. ಹಕ್ಕಿಗಳು ಸೇರುವ ಬಂಡೆಯೊಂದು ಕಡಲ ನಡುವೆ ಇದೆ, ದಂಡೆಯಿಂದ ಅದು ಕೆರೆಯಲ್ಲಿ ಮಲಗಿದ ಎಮ್ಮೆಯ ಬೆನ್ನಿನಷ್ಟು ಕಾಣುತ್ತದೆ. ಹತ್ತಿರವಾದಂತೆ ಮೊದಲು ಹಿಕ್ಕೆಯ ಘಾಟು ಮೂಗಿಗೆ ಬಡಿಯಿತು. ಆಮೇಲೆ ಗದ್ದಲ. ಸಂತೆಯ ದಿನ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಿಂತರೂ ಅಷ್ಟು ಸದ್ದು ಕಿವಿಗೆ ಬೀಳಲಿಕ್ಕಿಲ್ಲ. ಬಂಡೆಯ ನೆತ್ತಿಯೆಲ್ಲ ಹಕ್ಕಿಗಳಿಂದ ಬೆಳ್ಳಗಾಗಿತ್ತು. ಟರ್ನ್ ಹಕ್ಕಿಗಳು, ಕನ್ನಡದಲ್ಲಿ ರೀವ ಅನ್ನುವುದೂ ಉಂಟು. ಹಳದಿ ಕೊಕ್ಕು, ಬೂದಿ ಬಣ್ಣದ ಬೆನ್ನು, ತಲೆಯ ಹಿಂದೆ ಬಾಚಣಿಗೆ ಕಾಣದ ಕಪ್ಪು ಜುಟ್ಟು.

ಸರ್ ನಮ್ಮನ್ನು ಬಂಡೆಯ ಮೇಲೆ ಇಳಿಯಗೊಡಲಿಲ್ಲ. ದೋಣಿಯನ್ನು ದೂರದಲ್ಲೇ ನಿಲ್ಲಿಸಿ ದುರ್ಬೀನನ್ನು ನನ್ನ ಕೈಗಿಟ್ಟರು.

“ಗೂಡು ಕಾಣಸ್ತಾವೇನು ತಂಗಿ?”

“ಇಲ್ರಿ ಸರ್. ಬರೇ ಹಕ್ಕಿ ಕುಂತಾವ್ರಿ.”

“ಗೂಡು ಕಟ್ಟೂದಿಲ್ಲ ಅವು. ಒಂದು ಕಡ್ಡಿ ಸೈತ ತರೂದಿಲ್ಲ. ಬರಿಗಲ್ಲಿನ ಮ್ಯಾಲೆ ಒಂದ ತತ್ತಿ. ಕಾವು ಕೊಡಲಿಕ್ಕೆ ಕೂತಾವ ಅಂತ ತಿಳೀಬ್ಯಾಡ. ಈ ಬಿಸಲಾಗ ಕಾವು ಯಾರಿಗೆ ಬೇಕು? ನೆರಳು ಕೊಡಲಿಕ್ಕೆ ಹತ್ಯಾವ. ಗಂಡ ಒಂದಿಷ್ಟು ಹೊತ್ತು, ಹೆಂಡತಿ ಒಂದಿಷ್ಟು ಹೊತ್ತು. ಯಾರರ ಹೆದರಿಸಿ ಎಬ್ಬಿಸಿದ್ರೋ, ತತ್ತಿ ಒಳಗಿಂದೊಳಗ ಬೆಂದು ಹೋಗ್ತದ. ಇಲ್ಲಾ ಕಾಗಿ ಒಯ್ತದ.”

ಅವು ಏಪ್ರಿಲ್‌ನಲ್ಲಿ ಬಂದು ಒಂದಕ್ಕೊಂದು ಕೊಕ್ಕು ತಾಗುವಷ್ಟು ಹತ್ತಿರ ಕೂರುತ್ತವೆ. ಗುಂಪು ಒತ್ತಾಗಿದ್ದಷ್ಟೂ ನಡುವಿನ ತತ್ತಿಗಳು ಉಳಿಯುತ್ತವೆ. ತತ್ತಿಯೊಡೆದು ಬಂದ ಮರಿ ನಡೆಯಲು ಕಲಿತ ಮೇಲೆ ಎಲ್ಲ ಮರಿಗಳೂ ಒಂದೆಡೆ ಸೇರಿ ಬಾಲವಾಡಿಯಂತೆ ನಿಲ್ಲುತ್ತವೆ. ಮೀನು ಕಚ್ಚಿಕೊಂಡು ಬಂದ ತಾಯಿಯೋ ತಂದೆಯೋ ಅಷ್ಟು ಗದ್ದಲದಲ್ಲಿ ತನ್ನ ಮರಿಯ ದನಿಯೊಂದನ್ನೇ ಹೆಕ್ಕಿ ಹುಡುಕಿ ತುತ್ತು ಕೊಡುತ್ತದೆ. ಮಳೆಗಾಲದ ದೊಡ್ಡ ತೆರೆಗಳು ಏಳುವ ಮೊದಲು ಮರಿಯ ರೆಕ್ಕೆ ಬಲಿಯಬೇಕು. ಆಮೇಲೆ ಎಲ್ಲವೂ ಎದ್ದು ಹೋಗುತ್ತವೆ.

“ದೀಪಾವಳಿ ಮುಂದ ಬಂದು ನೋಡಿದಾಂವ ಬರಿಗಲ್ಲು ನೋಡಿಕೊಂಡು ಹೋಗ್ತಾನ,” ಅಂದರು ಸರ್ ಆ ದಿನ, ದಂಡೆಗೆ ಮರಳುವಾಗ. “ಈ ಹಕ್ಕೀನ ಬ್ಯಾಸಗ್ಯಾಗ ನೋಡಬೇಕು. ಇಲ್ಲಾಂದ್ರ ನೋಡೇನಿ ಅನ್ನಬಾರದು.”

ನಾನು ಅದನ್ನು ಹಾಗೇ ನಂಬಿದೆ. ಅದರ ಮೇಲೆಯೇ ನನ್ನ ಪಿಎಚ್.ಡಿ., ನನ್ನ ಕೆಲಸ, ನನ್ನ ಬೇಸಿಗೆ ರಜೆಗಳೆಲ್ಲ ನಿಂತವು. ಮದುವೆಯಾಗಿ ಗೋಪನಕೊಪ್ಪದ ಮನೆಗೆ ಬಂದ ಮೇಲೂ, ಹುಬ್ಬಳ್ಳಿಯ ಕಾಲೇಜಿನಲ್ಲಿ ಪಾಠ ಹೇಳಲು ಶುರುಮಾಡಿದ ಮೇಲೂ, ಪ್ರತಿ ಬೇಸಿಗೆ ಘಟ್ಟ ಇಳಿಯುವುದನ್ನು ಬಿಡಲಿಲ್ಲ. ಸರ್ ಕೈಲಾದಾಗಲೆಲ್ಲ ಬರುತ್ತಿದ್ದರು.

ಅವರ ಹೆಂಡತಿಯನ್ನು ನಾವೆಲ್ಲ ಚಿಕ್ಕಮ್ಮ ಎಂಬ ಅರ್ಥದಲ್ಲಿ ಕಾಕು ಅನ್ನುತ್ತಿದ್ದೆವು. ಹಾಡುಗಾರರ ಮನೆತನದವರು. ಧಾರವಾಡದ ಅವರ ಮನೆಗೆ ಹೋದರೆ ಮೊದಲು ಅವಲಕ್ಕಿ, ಆಮೇಲೆ ಮಾತು. ನನ್ನ ಅವ್ವ ತೀರಿಕೊಂಡಾಗ ಮೂರು ದಿನ ನಮ್ಮ ಮನೆಯ ಒಲೆ ನೋಡಿಕೊಂಡವರು ಕಾಕು. ಅವರಿಗೆ ಹಕ್ಕಿಗಳ ಬಗ್ಗೆ ಅಂಥ ಆಸಕ್ತಿಯೇನೂ ಇರಲಿಲ್ಲ. “ನಿಮ್ಮ ಸರ್‌ಗೆ ನನಗಿಂತ ಆ ಹಕ್ಕೀನ ಹೆಚ್ಚು,” ಎಂದು ನಗುತ್ತಿದ್ದರು. ಒಂದು ಬೇಸಿಗೆ ನಾನೇ ಒತ್ತಾಯಮಾಡಿ ಕರೆದುಕೊಂಡು ಹೋದೆ. ದೋಣಿಯಲ್ಲಿ ಸೆರಗನ್ನು ತಲೆಗೆ ಬಿಗಿದುಕೊಂಡು, ದುರ್ಬೀನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ಮರಿಗಳ ಗುಂಪನ್ನು ಬಹಳ ಹೊತ್ತು ನೋಡಿದರು. ಒಂದು ಹಕ್ಕಿ ತನ್ನ ಮರಿಯನ್ನು ಹುಡುಕಿ ಬಾಯಿಗೆ ಮೀನು ಇಟ್ಟಾಗ, “ಅಯ್ಯ, ಸಿಕ್ತು ನೋಡ! ಸಿಕ್ತು ಅದಕ್ಕ!” ಎಂದು ನನ್ನ ತೋಳು ಹಿಂಡಿದರು. ಅವರಿಗೆ ಮಕ್ಕಳಿರಲಿಲ್ಲ.

ಹಕ್ಕಿಗಳು ಕಡಿಮೆಯಾಗುತ್ತಿರುವುದು ನಮಗೆ ಆಗಲೇ ತಿಳಿದಿತ್ತು. ಹೊರಗಿನವರಿಗೆ ಅದು ಕಾಣುತ್ತಿರಲಿಲ್ಲ. ಈ ಜಾತಿಯ ಹಕ್ಕಿ ಬಹಳ ವರ್ಷ ಬದುಕುತ್ತದೆ, ಹುಟ್ಟಿದ ಕಡೆಗೇ ಮರಳುತ್ತದೆ. ಒಂದೂ ಮರಿ ಉಳಿಯದ ವರ್ಷವೂ ಆಕಾಶದ ತುಂಬ ಹಕ್ಕಿಗಳಿರುತ್ತವೆ, ಎಲ್ಲವೂ ಮುದುಕರು ಅಷ್ಟೇ. ಫೋಟೋ ತೆಗೆಯುವವರು ಬಂದು ಖುಷಿಯಿಂದ ಹೋಗುತ್ತಾರೆ. ಮುದುಕರು ಸಾಯತೊಡಗಿದ ಮೇಲೆ ಒಮ್ಮೆಗೇ ಬಂಡೆ ಖಾಲಿ. ನಮ್ಮ ಕರಾವಳಿಯಲ್ಲಿ ಅವು ತತ್ತಿ ಇಡುವ ಬಂಡೆಗಳೇ ಬೆರಳೆಣಿಕೆಯಷ್ಟು. ಉಳಿದ ಬಂಡೆಗಳು, ಜನ ಇಳಿದು, ತತ್ತಿ ಆರಿಸಿ, ದೀಪಸ್ತಂಭದ ಕೆಲಸಕ್ಕೆ ಬಂದ ದೋಣಿಗಳಿಂದ ಇಲಿಗಳು ಹತ್ತಿ ಹಾಳಾಗಿದ್ದವು. ನಮ್ಮ ಬಂಡೆ ಉಳಿದಿತ್ತು. ನಾವು ಅದರ ಹೆಸರನ್ನು ಎಲ್ಲಿಯೂ ಬರೆಯುತ್ತಿರಲಿಲ್ಲ. ಅದೂ ಸರ್ ಹಾಕಿಕೊಟ್ಟ ರೂಢಿಯೇ.

ಸರ್ ನಿವೃತ್ತರಾದರು. ಮೊದಮೊದಲು ಭಾಷಣಕ್ಕೆ ಕರೆಯುತ್ತಿದ್ದವರು ಆಮೇಲೆ ಕರೆಯುವುದನ್ನು ಬಿಟ್ಟರು. ಮೊಣಕಾಲು ನೋವು, ದೋಣಿ ಹತ್ತಲಾಗದು. ನಾನೊಬ್ಬಳೇ ಹೋಗಿಬಂದು ಅವರಿಗೆ ವರದಿ ಒಪ್ಪಿಸುತ್ತಿದ್ದೆ.

ಆ ಹೊತ್ತಿಗೆ ಬಂಡೆಗೆ ದೋಣಿ ತಂಗುವ ಜೆಟ್ಟಿ ಕಟ್ಟುವ ಸುದ್ದಿ ಬಂತು. ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ದು, ಬಂಡೆಯ ಮೇಲೆ ಕಟ್ಟೆ ಕಟ್ಟಿ, ಸೂರ್ಯಾಸ್ತ ತೋರಿಸುವ ಯೋಜನೆ. ಮೀನು ಕಡಿಮೆಯಾಗಿ ಕಂಗಾಲಾಗಿದ್ದ ಊರಿನವರಿಗೆ ಅದು ಬೇಕಾಗಿತ್ತು, ಅವರನ್ನು ನಾನು ದೂರುವುದಿಲ್ಲ. ತಾಲೂಕು ಊರಿನಲ್ಲಿ ಸಾರ್ವಜನಿಕರ ಅಹವಾಲು ಕೇಳುವ ಸಭೆ ಇಟ್ಟರು. ನಾನು ಸರ್‌ಗೆ ಫೋನು ಮಾಡಿದೆ.

“ಸರ್, ನಾ ಹೋಗಿ ಮಾತಾಡಾಕತ್ತೇನ್ರಿ. ನೀವೂ ಬಂದ್ರ ಛಲೋ ಆಗ್ತಿತ್ರಿ. ನಿಮ್ಮ ಮಾತಿಗೆ ತೂಕ ಬ್ಯಾರೆನ ಐತ್ರಿ.”

“ಹೋಗು ತಂಗಿ, ಹೋಗಿ ಹೇಳು,” ಅಂದರು. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಕಾಲುನೋವು ಹೆಚ್ಚಾಗಿರಬೇಕು ಅಂದುಕೊಂಡೆ.

ಸಭೆಯ ದಿನ ಬಸ್ಸಿಳಿದು ಸಭಾಭವನದೊಳಗೆ ಕಾಲಿಟ್ಟರೆ ವೇದಿಕೆಯ ಮೇಲೆ ಸರ್ ಕೂತಿದ್ದರು. ಅಧಿಕಾರಿಗಳ ಪಕ್ಕದ ಕುರ್ಚಿ, ಮುಂದೆ ನೀರಿನ ಬಾಟಲಿ. ನನಗೆ ಮೊದಲು ಆದದ್ದು ಸಂತೋಷ. ಕೈಯೆತ್ತಿ ನಮಸ್ಕಾರ ಮಾಡಿದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಯೋಜನೆಯವರು ಅವರನ್ನು ತಮ್ಮ ಪರಿಸರ ತಜ್ಞರೆಂದು ಪರಿಚಯಿಸಿದಾಗಲೂ ನನಗೆ ಪೂರ್ತಿ ತಿಳಿಯಲಿಲ್ಲ. ಸರ್ ಎದ್ದು ನಿಂತು, ತರಗತಿಯಲ್ಲಿ ಮಾತಾಡುತ್ತಿದ್ದ ಅದೇ ಇಂಪಾದ ದನಿಯಲ್ಲಿ ಹೇಳಿದರು: ತಾವು ಬಂಡೆಯನ್ನು ಖುದ್ದು ಪರಿಶೀಲಿಸಿದ್ದಾಗಿ, ಕೆಲವು ಹಕ್ಕಿಗಳು ವಿಶ್ರಾಂತಿಗೆ ಕೂರುವುದಾಗಿ, ತತ್ತಿ, ಮರಿ, ಸಂತಾನಾಭಿವೃದ್ಧಿಯ ಯಾವ ಗುರುತೂ ಕಾಣಲಿಲ್ಲವೆಂಬುದಾಗಿ.

ನನ್ನ ಸರದಿ ಬಂದಾಗ ಬರೆದು ತಂದಿದ್ದನ್ನು ಓದಲಾಗಲಿಲ್ಲ. ಮೈಕು ಹಿಡಿದು ಅವರನ್ನೇ ಕೇಳಿದೆ.

“ಸರ್, ಯಾವ ತಿಂಗಳ ಹೋಗಿದ್ರಿ?”

“ನವೆಂಬರ್.”

“ನವೆಂಬರ್‌ನಾಗ ಅಲ್ಲಿ ಏನಿರತೈತ್ರಿ, ಸರ್?”

ಅವರು ನನ್ನ ಕಡೆ ನೋಡಲಿಲ್ಲ. ಅಧಿಕಾರಿಯ ಕಡೆ ತಿರುಗಿ ನಕ್ಕರು. “ಈಕಿ ನನ್ನ ವಿದ್ಯಾರ್ಥಿನಿ ಇದ್ದಾಳ್ರಿ. ಬಹಳ ಶ್ಯಾಣ್ಯಾಕಿ. ಹಕ್ಕಿ ಅಂದ್ರ ಜೀವ ಈಕೀಗೆ. ಆದ್ರ ಅಭಿಮಾನ ಬ್ಯಾರೆ, ಅಧ್ಯಯನ ಬ್ಯಾರೆ.”

ಸಭೆಯಲ್ಲಿ ಕೆಲವರು ನಕ್ಕರು. ನಾನು ಏಪ್ರಿಲ್, ಮೇ ಎಂದು ಏನೇನೋ ಹೇಳಿದೆ. ನಾನು ಕಂಡದ್ದನ್ನು, ಇದೇ ಸರ್ ಜೊತೆಯಲ್ಲಿ ಕಂಡದ್ದನ್ನು ಹೇಳಿದೆ. ದನಿ ನಡುಗುತ್ತಿತ್ತು. ಅದು ನಡುಗಿದಷ್ಟೂ ಅವರ ಮಾತೇ ನಿಜವಾಗುತ್ತಿತ್ತು. ಅಧಿಕಾರಿ, “ಆಯ್ತು ಮೇಡಂ, ನಿಮ್ಮ ಆಕ್ಷೇಪಣೆ ದಾಖಲು ಮಾಡ್ಕೋತೀವಿ,” ಎಂದು ಮುಂದಿನವರನ್ನು ಕರೆದರು.

ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು. ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದೆ. ಪಕ್ಕದಲ್ಲಿ ಕಾರು ನಿಂತಿತು, ಹಿಂದಿನ ಸೀಟಿನಿಂದ ಸರ್ ಬಾಗಿಲು ತೆರೆದರು. “ಹತ್ತು ತಂಗಿ. ಈ ಬಿಸಲಾಗ ಎಲ್ಲಿ ಬಸ್ಸಿಗೆ ಹೋಗ್ತಿ.” ಯಾಕೆ ಹತ್ತಿದೆನೋ ಗೊತ್ತಿಲ್ಲ. ಅವರು ಹೇಳಿದ್ದನ್ನು ಕೇಳಿ ರೂಢಿಯಾಗಿತ್ತು. ಘಟ್ಟ ಹತ್ತಿದೆವು. ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದರು. ಚಾಲಕ ದೂರ ಹೋದ ಮೇಲೆ ಅವರೇ ಶುರುಮಾಡಿದರು.

“ನಾ ಸುಳ್ಳು ಹೇಳಿಲ್ಲ.”

ನಾನು ಚಹಾದ ಕಪ್ಪು ಎತ್ತಿಕೊಂಡೆ.

“ನವೆಂಬರ್‌ದಾಗ ಹೋಗಿ ನೋಡ್ರಿ ಅಂದ್ರು, ಕೈ ಹಿಡಿದು ದೋಣಿ ಹತ್ತಿಸಿದ್ರು, ಹೋದೆ. ಏನ ಕಂಡ್ತೋ ಅದನ್ನ ಹೇಳಿದೆ. ಒಂದು ಅಕ್ಷರ ಸುಳ್ಳದ ಏನು, ಹೇಳು?”

“ಬ್ಯಾಸಗ್ಯಾಗ ಏನಿರತೈತಿ ಅಂತ ಯಾಕ ಹೇಳಲಿಲ್ರಿ?”

“ಕೇಳಲಿಲ್ಲ ಅವರು.”

ಚಹಾದ ಕಪ್ಪು ನನ್ನ ಕೈಯಲ್ಲಿ ಹಾಗೇ ಇತ್ತು. ಅವರು ದನಿ ತಗ್ಗಿಸಿದರು. “ನಾ ಅಲ್ಲ ಅಂದ್ರ ಇನ್ನೊಬ್ಬನ್ನ ಕರಸ್ತಿದ್ರು. ನಾ ಇದ್ರ ಹಕ್ಕಿ ಸಲುವಾಗಿ ಒಂದೆರಡು ಮಾತರ ಸೇರಸ್ತೇನಿ. ನಿನಗ ಗೊತ್ತಿಲ್ಲ, ಮನ್ಯಾಗ ಕೂತ ಮ್ಯಾಲೆ ಮನಶ್ಯಾನ್ನ ಹ್ಯಾಂಗ ಮರೀತಾರ ಅಂತ. ಇವರು ಹುಡುಕ್ಕೊಂಡು ಬಂದ್ರು. ಸಾಹೇಬ್ರ ಅಂತ ಬಾಗಲಾ ತಗದು ಕಾರಿನ್ಯಾಗ ಕೂಡಿಸಿಕೊಂಡ್ರು.”

“ನಿಮ್ಮನ್ನ ನಾವ್ಯಾರೂ ಮರತಿದ್ದಿಲ್ರಿ ಸರ್.”

ಅವರು ಕಾರಿನ ಕಡೆ ನಡೆದರು. ನಾನು ಕಾರು ಹತ್ತದೆ ಅಲ್ಲೇ ಉಳಿದೆ. ಮುಂದಿನ ಬಸ್ಸಿಗೆ ಹುಬ್ಬಳ್ಳಿ ಸೇರಿದೆ.

ಜೆಟ್ಟಿಗೆ ಅನುಮತಿ ಸಿಕ್ಕಿತು. ಬೇಸಿಗೆಯ ಎರಡು ತಿಂಗಳು ಬಂಡೆಯ ಮೇಲೆ ಯಾರೂ ಇಳಿಯಬಾರದೆಂಬ ಷರತ್ತು ಇತ್ತಂತೆ. ಅದು ಬರೀ ಒಂದು ಫಲಕವಾಗಿ ದಂಡೆಯಲ್ಲಿ ನಿಂತಿತು. ಪ್ರವಾಸಿಗರು ಬರುವುದೇ ಬೇಸಿಗೆ ರಜೆಯಲ್ಲಿ. ಮೊದಲ ವರ್ಷ ಹಕ್ಕಿಗಳು ಬಂದವು, ತತ್ತಿ ಇಟ್ಟವು. ದೋಣಿ ತಾಗಿದಾಗಲೆಲ್ಲ ಎಲ್ಲವೂ ಒಮ್ಮೆಗೇ ಎದ್ದು ಮೇಲೆ ಸುತ್ತುತ್ತಿದ್ದವು. ಜನ ಕೈ ಬೀಸಿ ಫೋಟೋ ತೆಗೆಯುತ್ತಿದ್ದರು. ಕಟ್ಟೆಯ ಮೇಲಿನ ಕಸಕ್ಕೆ ಬಂದ ಕಾಗೆಗಳು ಅಲ್ಲಿಯೇ ಉಳಿದವು. ಆ ವರ್ಷ ನಾನು ಕಂಡ ಮರಿಗಳು ಕೆಲವೇ ಕೆಲವು. ಮರುವರ್ಷ ಸಿಮೆಂಟಿನ ಚೀಲಗಳ ಸಂದಿಯಲ್ಲಿ ಇಲಿಗಳು ಓಡಾಡುವುದನ್ನು ನೋಡಿದೆ. ಆಮೇಲೆ ಹಕ್ಕಿಗಳು ಬಂದರೂ ಬಂಡೆಯ ಮೇಲೆ ಕೂರಲಿಲ್ಲ. ‘ಸಾವಿರಾರು ಹಕ್ಕಿಗಳ ಸ್ವರ್ಗ’ ಎಂದು ಜನ ಮೊಬೈಲಿನಲ್ಲಿ ಚಿತ್ರ ಹಂಚಿಕೊಳ್ಳುತ್ತಲೇ ಇದ್ದರು.

ಆ ವರ್ಷಗಳಲ್ಲಿ ನಾನು ಧಾರವಾಡದ ಆ ಮನೆಗೆ ಹೋಗಲಿಲ್ಲ. ಸರ್ ಬಗ್ಗೆ ಇದ್ದ ಸಿಟ್ಟಿಗೆ ಒಂದು ಆಕಾರವಿತ್ತು. ಕಾಕು ಒಮ್ಮೆಯೂ ಫೋನು ಮಾಡದೇ ಇದ್ದದ್ದು ಮಾತ್ರ ಬೇರೆ ಬಗೆಯ ನೋವು. ಹಬ್ಬಕ್ಕೂ ಇಲ್ಲ, ನನ್ನ ಮಗಳ ಮದುವೆಗೆ ಕಳಿಸಿದ ಕರೆಯೋಲೆಗೂ ಇಲ್ಲ. ಗಂಡನ ಕಡೆ ನಿಂತರು, ನಿಲ್ಲಲಿ, ಅಂದುಕೊಂಡೆ. ಆದರೂ ಅವರು ಅಂದು ದೋಣಿಯಲ್ಲಿ ನನ್ನ ತೋಳು ಹಿಂಡಿದ್ದು ನೆನಪಾಗುತ್ತಿತ್ತು.

ಕಳೆದ ವರ್ಷ ಹುಬ್ಬಳ್ಳಿಯ ದೇಶಪಾಂಡೆ ನಗರದ ಕಣ್ಣಿನ ದವಾಖಾನೆಯಲ್ಲಿ ಕಾಕು ಸಿಕ್ಕರು. ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಪಕ್ಕದಲ್ಲಿ ಖಾಲಿ ಜಾಗವಿತ್ತು. ತಿರುಗಿ ಹೋಗಬೇಕೆನ್ನಿಸಿತು, ಆಗಲಿಲ್ಲ.

“ಕಾಕು, ಆರಾಮ ಇದ್ದೀರೇನ್ರಿ?”

ಮಸುಕಾದ ಕಣ್ಣಿಗೆ ನನ್ನ ಮುಖ ಕಾಣಲಿಲ್ಲ. ದನಿಗೆ ಗುರುತು ಹತ್ತಿತು. ಅವರು ಸ್ವಲ್ಪ ಆಚೆ ಸರಿದರು.

“ಆರಾಮ ಇದ್ದೇನಿ,” ಅಂದರು. ಆಮೇಲೆ, “ನಿನ್ನ ಮ್ಯಾಲೆ ನನಗ ಭಾಳ ಸಿಟ್ಟದ,” ಅಂದರು.

“ನನ್ನ ಮ್ಯಾಲ್ರಿ?”

“ಅವರು ಹೋಗಲಿ. ಗಂಡಸರು, ಯಾರೋ ಬಂದು ಹೊಗಳಿದ್ರು, ಉಬ್ಬಿದ್ರು. ನೀನೂ ಹೂಂ ಅಂದ್ಯಲ್ಲ. ನೀನ ನನಗ ಆ ಮರಿಗೋಳನ್ನ ತೋರಿಸಿದಾಕಿ.”

ನಾನು ಅವರ ಪಕ್ಕದಲ್ಲಿ ಕೂತೆ. ಆಮೇಲೆ ಒಂದೊಂದಾಗಿ ಬಿಡಿಸಿ ಕೇಳಿದೆ. ಯೋಜನೆಯವರ ಕಾರು ಮನೆಗೆ ಬಂದ ದಿನವೇ ಕಾಕು ಜಗಳ ಮಾಡಿದ್ದರು. ಆ ಬಂಡೆಯ ತಂಟೆಗೆ ಹೋದರೆ ಊಟ ಬಿಡುತ್ತೇನೆ ಎಂದಿದ್ದರು. ಒಂದು ದಿನ ಬಿಟ್ಟೂ ಇದ್ದರು. ಆಗ ಸರ್, “ಆಕೀನೂ ಒಪ್ಪಿದ್ದಾಳ. ಹಕ್ಕಿ ಈಗ ಅಲ್ಲಿ ತತ್ತಿ ಇಡೂದು ಬಿಟ್ಟಾವ ಅಂತ ಆಕೀನ ಹೇಳ್ಯಾಳ,” ಅಂದಿದ್ದರಂತೆ. ಕಾಕು ಊಟ ಮಾಡಿದ್ದರು. ಆಮೇಲೆ ಸಭೆಯ ಸುದ್ದಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಮನೆಗೆ ಬರುವುದು ನಿಂತಾಗ, ಮುಖ ತೋರಿಸಲು ನಾಚಿಕೆಯಾಗಿರಬೇಕು ಅಂದುಕೊಂಡಿದ್ದರು.

ನಾನು ಸಭೆಯಲ್ಲಿ ನಡೆದದ್ದನ್ನು ಹೇಳಿದೆ. ಕಾಕು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಔಷಧಿಯ ನೀರೋ ಬೇರೆಯೋ, ತಿಳಿಯಲಿಲ್ಲ. “ನಡಿ, ಮನೀಗೆ ನಡಿ,” ಅಂದರು.

ನಾವು ಧಾರವಾಡ ಮುಟ್ಟಿದಾಗ ಸರ್ ಹೊರಗಿನ ಕೋಣೆಯಲ್ಲಿ ಪೇಪರು ಓದುತ್ತಿದ್ದರು. ತೀರ ಇಳಿದುಹೋಗಿದ್ದರು. ನನ್ನನ್ನು ಕಂಡು ಅವರ ಮುಖ ಅರಳಿತು, ಖರೇನೇ ಅರಳಿತು. ಅದನ್ನು ನೋಡಿ ನನಗೆ ಇನ್ನಷ್ಟು ಸಂಕಟವಾಯಿತು. ಕಾಕು ನಿಂತಲ್ಲೇ ಕೇಳಿದರು: “ಈಕಿ ಒಪ್ಪಿದ್ದಳೇನು?”

ಸರ್ ಪೇಪರು ಮಡಿಸಿದರು. “ನೀ ಊಟಾ ಬಿಟ್ಟು ಕೂತಿದ್ದಿ. ಏನು ಮಾಡ್ಲಿ? ಈಕಿ ಮಾತಂದ್ರ ನೀ ನಂಬ್ತಿ ಅಂತ ಗೊತ್ತಿತ್ತು.”

“ಅವರ ಮುಂದನೂ ಹಂಗ ಹೇಳಿದ್ರೇನ್ರಿ ಸರ್? ಆ ಯೋಜನೆಯವರ ಮುಂದ?” ಎಂದು ನಾನು ಕೇಳಿದೆ.

ಅವರು ಹೌದೆಂದು ತಲೆಯಾಡಿಸಿದರು. ಎಷ್ಟೋ ವರ್ಷ ಬಂಡೆಯನ್ನು ನೋಡಿದವಳು ನಾನು ಎಂಬುದು ಎಲ್ಲರಿಗೂ ಗೊತ್ತಿತ್ತು. ನನ್ನ ಒಪ್ಪಿಗೆ ಇದೆ ಎಂದರೆ ಕೆಲಸ ಸಲೀಸು. ಹಾಗಾದರೆ ಸಭೆಯಲ್ಲಿ ನಾನು ಎದ್ದು ನಿಂತಾಗ ಆ ಅಧಿಕಾರಿಗೆ ನಾನು ಮಾತು ಬದಲಿಸುವ ಹೆಂಗಸಾಗಿ ಕಂಡಿರಬೇಕು. ಅಂದು ಸರ್ ಅಧಿಕಾರಿಯ ಕಡೆ ತಿರುಗಿ ನಕ್ಕದ್ದು ಯಾಕೆಂದು ಆಗ ತಿಳಿಯಿತು.

“ಈಗರ ಖರೇ ಹೇಳ್ರಿ ಸರ್. ಒಂದು ಪತ್ರಿಕೆಗೆ ಹೇಳ್ರಿ. ಬ್ಯಾಸಗ್ಯಾಗ ಏನಿತ್ತು ಅಂತ ನೀವ ಹೇಳಿದ್ರ ಇನ್ನೂ ನಡೀತೈತ್ರಿ.”

“ಈಗ ಏನುಪಯೋಗ ತಂಗಿ,” ಅಂದರು. ಅಷ್ಟೇ ಅಂದದ್ದು. ಕಾಕು ಅವಲಕ್ಕಿ ಹಚ್ಚುತ್ತೇನೆ ಕೂಡು ಎಂದರೂ ನಾನು ನಿಲ್ಲಲಿಲ್ಲ.

ಈ ವರ್ಷ ಮೇ ತಿಂಗಳಲ್ಲಿ ಕಾಕು ತಾವಾಗಿಯೇ ಫೋನು ಮಾಡಿ, ನಾನೂ ಬರುತ್ತೇನೆ ಅಂದರು. ಇಬ್ಬರೂ ಹೋದೆವು. ನಮ್ಮ ಬಂಡೆಯ ಮೇಲೆ ಬಣ್ಣದ ಛತ್ರಿಗಳಿದ್ದವು, ಹಾಡು ಕೇಳಿಸುತ್ತಿತ್ತು. ದೋಣಿಯವನು ಇನ್ನೂ ಆಚೆಗೆ ಕರೆದೊಯ್ದ. ಅಲ್ಲಿ ನೀರಿನ ಮಟ್ಟಕ್ಕೆ ಸ್ವಲ್ಪವೇ ಮೇಲೆ ಚಾಚಿದ ಚಪ್ಪಟೆ ಕಲ್ಲೊಂದಿದೆ. ಅದರ ಮೇಲೆ ಒಂದು ಹಿಡಿ ಹಕ್ಕಿಗಳು ಒತ್ತೊತ್ತಾಗಿ ಕೂತಿದ್ದವು. ಹಿಂದೆಂದೂ ಅವು ಅಲ್ಲಿ ಕೂತದ್ದನ್ನು ನಾನು ನೋಡಿರಲಿಲ್ಲ. ದುರ್ಬೀನಿನಲ್ಲಿ ಒಂದೆರಡು ತತ್ತಿ ಕಂಡವು.

“ಇವು ಉಳೀತಾವೇನ?” ಅಂದರು ಕಾಕು.

“ತಡಾ ಮಾಡಿ ಇಟ್ಟಾವ್ರಿ. ಮಳಿ ಲಗೂ ಬರದಿದ್ರ ಉಳೀಬಹುದ್ರಿ.”

ಮಳೆ ಹೊತ್ತಿಗೆ ಮೊದಲೇ ಬಂತು. ಹುಬ್ಬಳ್ಳಿಯಲ್ಲಿ ಧೂಳು ಅಡಗಿ ಜನ ಖುಷಿಯಾಗಿದ್ದರು, ಬಿತ್ತಲು ಹದವಾಯಿತು ಎಂದು ಸುಳ್ಳದಿಂದ ತಮ್ಮನ ಫೋನು. ಅದೇ ಸಂಜೆ ದೋಣಿಯವನಿಗೆ ಫೋನು ಮಾಡಿ ಕೇಳಿದೆ. ಕಡಲು ಎದ್ದಿದೆ, ಆ ಕಲ್ಲು ಎರಡು ದಿನದಿಂದ ಕಾಣುತ್ತಲೇ ಇಲ್ಲ ಅಂದ.

ಮರುದಿನ ಕಾಕು ಫೋನು ಮಾಡಿದರು. ನಾನು ಇದ್ದದ್ದನ್ನು ಹೇಳಿದೆ. ಹಿಂದಿನಿಂದ ಸರ್ ಏನೋ ಕೇಳುವುದು ಕೇಳಿಸಿತು, ಆ ಇಂಪಾದ ದನಿ ಈಗ ಒಡೆದಿತ್ತು.

“ಏನಾತು ಅಂತ ಇವರು ಕೇಳಲಿಕ್ಕೆ ಹತ್ಯಾರ,” ಅಂದರು ಕಾಕು. “ಏನ ಹೇಳ್ಲಿ?”

“ಏನ ಬೇಕಾದ್ರೂ ಹೇಳ್ರಿ ಕಾಕು. ನಾ ಹೇಳೇನಿ ಅಂತ ಮಾತ್ರ ಹೇಳಬ್ಯಾಡ್ರಿ.”

ಫೋನು ಇಟ್ಟು, ಒಣಗಲು ಹಾಕಿದ ಬಟ್ಟೆ ತರಲು ಮಾಳಿಗೆ ಹತ್ತಿದೆ. ಎಲ್ಲವೂ ತೊಯ್ದಿದ್ದವು.